ಎರಡು ಕೆಂಪು ಕಡ್ಡಿ

ದರ್ಜಿಗೆ ತಲೆನೋವು ಶುರುವಾಗಿ ಮೂರು ವಾರವಾಗಿತ್ತು. ಕಣ್ಣಿನ ದೋಷವೆಂದು ಕನ್ನಡಕ ಹಾಕಿಸಿದ್ದಾಯಿತು, ಪಿತ್ತವೆಂದು ಮಾತ್ರೆ ನುಂಗಿಸಿದ್ದಾಯಿತು. ಸಂಜೆಯಾದರೆ ಸಣ್ಣಗೆ ಜ್ವರ. ಕೊನೆಗೊಂದು ಮಂಗಳವಾರ ಅವನು ಒಂದೇ ಅಂಗಿಗೆ ಮೂರು ತೋಳು ಹೊಲಿದ. ಅಕ್ಕ ಆ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ತಮ್ಮನನ್ನು ಆಸ್ಪತ್ರೆಗೆ ಕರೆತಂದಳು.

“ಇವನು ಕುಡಿಯೋನಲ್ಲ ಡಾಕ್ಟ್ರೇ,” ಎಂದು ಅಂಗಿಯನ್ನು ಮೇಜಿನ ಮೇಲೆ ಹರಡಿದಳು.

ಡಾಕ್ಟರು ತೋಳು ಎಣಿಸಿದರು. ದರ್ಜಿಯ ಕತ್ತು ಬಗ್ಗಿಸಿ ನೋಡಿದರು, ಬಗ್ಗಲಿಲ್ಲ. ಬೆನ್ನುಹುರಿಯ ಸುತ್ತಲಿನ ನೀರನ್ನು ಸೂಜಿಯಿಂದ ಒಂದಿಷ್ಟು ತೆಗೆದು ಲ್ಯಾಬಿಗೆ ಕಳಿಸಿದರು.

ಲ್ಯಾಬಿನಾಕೆಗೆ ಎಲ್ಲರೂ ಬೆನ್ನ ಹಿಂದೆ ನಿಧಾನಮ್ಮ ಎನ್ನುತ್ತಿದ್ದರು. ಒಂದು ಸ್ಲೈಡನ್ನು ಅವಳು ಅರ್ಧ ಗಂಟೆಗೆ ಮುಂಚೆ ಬಿಟ್ಟವಳಲ್ಲ. ನೀರು ನೋಡಲು ತಿಳಿಯಾಗಿತ್ತು. ಆದರೆ ಸಕ್ಕರೆ ಕಡಿಮೆ, ಪ್ರೋಟೀನು ಜಾಸ್ತಿ, ಬಿಳಿ ರಕ್ತಕಣ ಇರಬೇಕಾದ್ದರ ನಲವತ್ತು ಪಟ್ಟು. ಅವಳು ಫೋನೆತ್ತಿದಳು.

“ಡಾಕ್ಟ್ರೇ, ಮಿದುಳಿನ ಪೊರೆಗೆ ಟಿ.ಬಿ. ತಗುಲಿರೋ ಹಾಗಿದೆ. ಆದರೆ ರೋಗಾಣು ಹುಡುಕೋಕೆ ಇಷ್ಟು ನೀರು ಸಾಲಲ್ಲ. ಇನ್ನೂ ಎಂಟು ಎಂ.ಎಲ್. ಬೇಕು.”

“ಮತ್ತೆ ಚುಚ್ಚಬೇಕಾ? ಕಲ್ಚರ್ ಹಾಕಿ, ರೋಗಾಣು ಬೆಳೆಸಿ ನೋಡೋಣ.”

“ಅದು ಬೆಳೆಯೋಕೆ ಆರು ವಾರ. ಅಲ್ಲೀವರೆಗೆ ಅವರು ಇರ್ತಾರಾ?”

ಮತ್ತೊಮ್ಮೆ ಚುಚ್ಚಲು ಡಾಕ್ಟರು ಅಕ್ಕನ ಒಪ್ಪಿಗೆ ಕೇಳಿದರು.

“ಅಷ್ಟೂ ನೀರು ತೆಗೆದ್ರೆ ಒಳಗೆ ಒಣಗಿಹೋಗಲ್ವಾ?” ಎಂದಳು ಅಕ್ಕ.

“ದಿನಾ ಅರ್ಧ ಲೀಟರ್ ಹೊಸದಾಗಿ ಬರುತ್ತಮ್ಮ.”

“ಇವನ ತಲೇಲಿ ಇಷ್ಟು ದಿನ ಇದ್ದಿದ್ದು ಅದೇನಾ?” ಎಂದು ಅಕ್ಕ ಒಪ್ಪಿ ಸಹಿ ಹಾಕಿದಳು.

ನಿಧಾನಮ್ಮ ಎರಡನೇ ಸಲ ತೆಗೆದ ನೀರನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ತಳಕ್ಕಿಳಿದದ್ದರಲ್ಲಿ ಒಂದು ಪಾಲನ್ನು ಟಿ.ಬಿ. ಪತ್ತೆಯ ಹೊಸ ಮೆಷಿನ್ನಿಗೆ ಹಾಕಿದಳು. ಉಳಿದದ್ದನ್ನು ಸ್ಲೈಡುಗಳಿಗೆ ಬಳಿದು ಬಣ್ಣ ಕೊಟ್ಟು ಮೈಕ್ರೋಸ್ಕೋಪಿನ ಮುಂದೆ ಕೂತಳು. ಎರಡು ಗಂಟೆಯ ಮೇಲೆ ಮೆಷಿನ್ನು ‘ಪತ್ತೆಯಿಲ್ಲ’ ಎಂದಿತು. ಅವಳಾಗ ಮೂರನೇ ಸ್ಲೈಡಿನಲ್ಲಿದ್ದಳು. ಕತ್ತು ಹಿಡಿದುಕೊಂಡಿತ್ತು. ಅಷ್ಟರಲ್ಲಿ ನೀಲಿ ಬಣ್ಣದ ನಡುವೆ ಎರಡು ಕೆಂಪು ಕಡ್ಡಿ ಕಂಡವು: ಟಿ.ಬಿ. ರೋಗಾಣು.

“ಮೆಷಿನ್ ಇಲ್ಲ ಅಂತಿದೆಯಲ್ರೀ,” ಎಂದರು ಡಾಕ್ಟರು.

“ಅದಕ್ಕೆ ಸಿಕ್ಕಿಲ್ಲ. ನನಗೆ ಸಿಕ್ತು. ಬಂದು ನೋಡಿ.”

ಡಾಕ್ಟರು ಬಂದರು, ನೋಡಿದರು, ಹೋಗಿ ಆಗಲೇ ಔಷಧ ಶುರು ಮಾಡಿಸಿದರು.

ನಾಲ್ಕು ದಿನ ದರ್ಜಿಗೆ ಅಕ್ಕನ ಗುರುತೇ ಹತ್ತಲಿಲ್ಲ. ಅವಳು ದಿನಾ ಬಂದು ತಾನು ಯಾರೆಂದು ಹೇಳಿ ಕೂರುತ್ತಿದ್ದಳು. ಹತ್ತನೇ ದಿನ ಅವನು, “ಅಂಗಡಿ ಬೀಗ ಹಾಕಿದೀಯಾ ಅಕ್ಕ?” ಎಂದು ಕೇಳಿದ. ಅವಳು ಹೂಂ ಎಂದು ವರಾಂಡಕ್ಕೆ ಹೋಗಿ ಅತ್ತಳು. ದರ್ಜಿಯ ಎಡಗಿವಿ ಮಾತ್ರ ಈ ರೋಗದಲ್ಲಿ ಕೇಳದಂತಾಯಿತು. ಅದು ಮತ್ತೆ ಸರಿಹೋಗಲಿಲ್ಲ.

ಮನೆಗೆ ಕಳಿಸುವ ದಿನ ಅಕ್ಕ ಲ್ಯಾಬಿನ ಬಾಗಿಲಲ್ಲಿ ನಿಂತಳು.

“ಇವನ ನೀರಲ್ಲಿ ಸಿಕ್ಕಿದ್ದನ್ನ ನಾನೂ ನೋಡ್ಬಹುದಾ?”

ನಿಧಾನಮ್ಮ ಆ ಮೂರನೇ ಸ್ಲೈಡಿಟ್ಟು ಸ್ಟೂಲು ಬಿಟ್ಟುಕೊಟ್ಟಳು. ಅಕ್ಕ ಬಹಳ ಹೊತ್ತು ನೋಡಿದಳು.

“ಇಷ್ಟೇನಾ?”

“ಇಷ್ಟೇ.”

ಅಕ್ಕ ಏಳಲಿಲ್ಲ. ನಿಧಾನಮ್ಮ ಇನ್ನೊಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು.