ಟ್ರಯಲ್ ಲೈನು

"ತುದಿ ಸರಿಯಾಗಿ ಕೂರ್ಸೇ, ಮೂದೇವಿ! ಮಾಲು ಕೊಳ್ಳೋ ಬಯ್ಯರ್ ಹಿಡಿದು ಒಂದು ನೂಲು ಎಳೆದ್ರೆ ಸಾಕು, ಅಂಚೆಲ್ಲಾ ಬಿಚ್ಕೊಂಡು ಬತ್ತದೆ. ಇಪ್ಪತ್ತು ವರ್ಷ ಮಿಷನ್ ತುಳಿದ್ಯೋ, ಇಲ್ಲ ಸೆಗಣಿ ತುಳಿದ್ಯೋ?"

ಸೂಪರ್‌ವೈಸರ್ ಲೋಗನಾಥನ್ ಟೀ ಶರ್ಟನ್ನು ಬೆಳ್ಳಿಯಮ್ಮನ ಮುಖಕ್ಕೆ ಎಸೆದ. ಬೆಳ್ಳಿಯಮ್ಮ ಅದನ್ನು ಮಡಿಲಿಗೆಳೆದುಕೊಂಡು ನೋಡಿದಳು. ತುದಿ ಸರಿಯಾಗಿಯೇ ಇತ್ತು. ಅಂಚು ಸುತ್ತಿಬಂದ ಹೊಲಿಗೆಯನ್ನು ಶುರುವಿನ ಮೇಲೆ ಎರಡು ಬೆರಳಗಲ ಹತ್ತಿಸಿ ನಿಲ್ಲಿಸುವುದು ಅವಳ ಕೈಯ ಅಭ್ಯಾಸ. ತಿರುಪ್ಪೂರಿನ ಉಳಿದ ಟೈಲರ್‌ಗಳೆಲ್ಲ ಒಂದೇ ಬೆರಳಿಗೆ ಮುಗಿಸುತ್ತಾರೆ. ಆದರೆ ಟ್ರಯಲ್‌ಗೆ ಬಂದವರು ತಪ್ಪಿರಲಿ ಬಿಡಲಿ, ಬೈಸಿಕೊಳ್ಳಬೇಕು. ಅವಳು ತಲೆ ತಗ್ಗಿಸಿ ಮುಂದಿನ ಪೀಸು ಕೈಗೆತ್ತಿಕೊಂಡಳು.

ಟ್ರಯಲ್ ಎಂದರೆ ಇಷ್ಟೇ. ಕೆಲಸ ಕೇಳಿಕೊಂಡು ಬಂದವರು ಮೂರು ದಿನ ಹೊಲಿದು ತೋರಿಸಬೇಕು. ಕೂಲಿ ಇಲ್ಲ. ಕೈ ಮೆಚ್ಚಿಗೆಯಾದರೆ ನಾಲ್ಕನೇ ದಿನದಿಂದ ಖಾಯಂ. ಹೊಲಿದ ಬಟ್ಟೆ ಏನಾಗುತ್ತದೆ ಎಂದು ಯಾರೋ ಕೇಳಿದ್ದಕ್ಕೆ ಲೋಗನಾಥನ್ ಮೊದಲ ದಿನವೇ ನಿಟ್ಟುಸಿರು ಬಿಟ್ಟಿದ್ದ: "ವೇಸ್ಟಿಗೆ ಹೋಯ್ತದೆ ತಾಯೀ. ಎಲ್ಲಾ ಕಂಪನಿಗೇ ನಷ್ಟ." ಪಾಪ, ಹದಿನೆಂಟು ಹೆಂಗಸರ ಕೈ ಪರೀಕ್ಷೆ ಮಾಡಲು ಎಷ್ಟೊಂದು ಬಟ್ಟೆ ಹಾಳುಮಾಡಿಕೊಳ್ಳುತ್ತಿತ್ತು ಕಂಪನಿ! ಕಲಿಯುಗದಲ್ಲಿ ಇಂಥ ಧರ್ಮಿಷ್ಠರು ಸಿಗುವುದು ಅಪರೂಪ.

ಬೆಳ್ಳಿಯಮ್ಮ ಇಪ್ಪತ್ತು ವರ್ಷ ಕೂತಿದ್ದ ಯೂನಿಟ್ಟಿಗೆ ದೀಪಾವಳಿಯ ಮುಂಚೆ ಆರ್ಡರ್ ನಿಂತು ಬೀಗ ಬಿದ್ದಿತ್ತು. ಅಲ್ಲಿಂದಾಚೆ ಅನ್ನೂರಿನಿಂದ ಮೊದಲ ಬಸ್ಸು ಹಿಡಿದು ಬಂದು ಗೇಟಿನಿಂದ ಗೇಟಿಗೆ ಅಲೆಯುವುದೇ ಅವಳ ಕೆಲಸ. ಎಲ್ಲ ಗೇಟಿಗೂ 'ಟೈಲರ್ ಬೇಕಾಗಿದ್ದಾರೆ' ಎಂಬ ತಮಿಳು ಬೋರ್ಡು. ಈ ಕಂಪನಿಯವರಂತೂ ಕಬ್ಬಿಣದ ತಗಡಿಗೆ ಬರೆಸಿ ಕಂಬಿಗೆ ವೆಲ್ಡ್ ಮಾಡಿಸಿದ್ದರು. ಇಡೀ ಊರಿನಲ್ಲಿ ಖಾಯಂ ಆಗಿದ್ದು ಆ ಬೋರ್ಡು ಒಂದೇ.

ಪಕ್ಕದಲ್ಲಿ ನಿಂತು ನೂಲಿನ ತುಣುಕು ಕತ್ತರಿಸುತ್ತಿದ್ದವಳು ಅವಳ ಮಗಳು ನಿವೇತಾ. ಕೊಯಮತ್ತೂರಿನ ಕಾಲೇಜಿನಲ್ಲಿ ಬಿ.ಇ. ಮುಗಿಸಿ ಒಂದೂವರೆ ವರ್ಷವಾಗಿತ್ತು. ಹೋದಲ್ಲೆಲ್ಲ ಮಗಳಿಗೆ ಅನುಭವ ಸಾಲದು, ತಾಯಿಗೆ ವಯಸ್ಸು ಹೆಚ್ಚಾಯಿತು ಎನ್ನುತ್ತಿದ್ದರು. ಇಬ್ಬರನ್ನೂ ಕೂಡಿಸಿ ಎರಡರಿಂದ ಭಾಗಿಸಿದ್ದರೆ ಕಂಪನಿಗಳಿಗೆ ಬೇಕಾದ ಒಬ್ಬಳು ಸಿಗುತ್ತಿದ್ದಳೇನೋ. ಕೊನೆಗೆ ಮಗಳೂ ತಾಯಿಯ ಹಿಂದೆ ಅದೇ ಕ್ಯೂನಲ್ಲಿ ಬಂದು ನಿಂತಿದ್ದಳು.

"ಏನಮ್ಮಾ ಇಂಜಿನಿಯರ್, ನೂಲು ಕಟ್ ಮಾಡಕ್ಕೆ ಕಂಪ್ಯೂಟರ್ ತರಿಸ್ಲಾ?" ಎಂದು ಲೋಗನಾಥನ್ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದ. ತಾನೇ ಕೇಳಿ ತಾನೇ ನಗುತ್ತಿದ್ದ.

ಬೆಳ್ಳಿಯಮ್ಮ ಎಲ್ಲವನ್ನೂ ನುಂಗಿಕೊಳ್ಳುತ್ತಿದ್ದಳು. ಈ ಕೆಲಸವೂ ತಪ್ಪಿದರೆ ಅನ್ನೂರಿನ ಮದುವೆ ಮಂಟಪದಲ್ಲಿ ಎಂಜಲೆಲೆ ಎತ್ತಲು ಬರುತ್ತೇನೆಂದು ಅವಳು ಆಗಲೇ ಹೇಳಿಬಂದಿದ್ದಳು. ಮಗಳಿಗೆ ತಿಳಿಸಿರಲಿಲ್ಲ.

ಅವಳಿಗೊಂದು ಆಸೆ ಹುಟ್ಟಿಸಿದವನೂ ಲೋಗನಾಥನ್ನೇ. ಮೊದಲ ದಿನ ತಾಯಿ ಮಗಳು ಮನೆಮಾತಾದ ಕನ್ನಡದಲ್ಲಿ ಪಿಸುಗುಟ್ಟಿದ್ದು ಅವನ ಕಿವಿಗೆ ಬಿದ್ದಿತ್ತು. "ಅಟ, ನಮ್ಮೋರಾ ನೀವು? ನಮ್ದು ಕಿಣತ್ತುಕಡವು ಪಕ್ಕದ ಹಳ್ಳಿ. ಮನೇಲಿ ಕನ್ನಡ್ವೇ. ಬಯಪಡಬ್ಯಾಡಿ ಅಕ್ಕಾ, ನಾನು ನೋಡ್ಕತೀನಿ" ಎಂದಿದ್ದ. ಅವತ್ತಿನಿಂದ ಬೈಯುವುದು ತಮಿಳಿನಲ್ಲಿ, ನಂಬಿಸುವುದು ಕನ್ನಡದಲ್ಲಿ ಎಂದು ಪಾಲು ಮಾಡಿಕೊಂಡುಬಿಟ್ಟಿದ್ದ. ತಾಯಿಭಾಷೆಯಿಂದ ಯಾರಿಗೆ ಯಾವ ಉಪಯೋಗವೋ ಹೇಳಲಾಗದು.

ಮೂರನೇ ದಿನ ಊಟದ ಹೊತ್ತಿಗೆ ಅವನು ನಿವೇತಾಳ ತಲೆಯ ಮೇಲೆ ಒಂದು ಗಂಟು ಹೊರಿಸಿ ಪ್ಯಾಕಿಂಗ್ ರೂಮಿಗೆ ಅಟ್ಟಿದ. ಅವಳು ಹಿಂತಿರುಗಿದಾಗ ದುಪಟ್ಟಾದ ಅಡಿಯಲ್ಲಿ ಏನೋ ಇತ್ತು. ತಾಯಿಯ ಪಕ್ಕ ಕೂತು ಮೆಲ್ಲಗೆ ಹೊರತೆಗೆದಳು. ಇಸ್ತ್ರಿ ಹಾಕಿ, ಮಡಿಸಿ, ಪ್ಲಾಸ್ಟಿಕ್ ಕವರಿಗೆ ತುಂಬಿ, ಯಾವುದೋ ವಿದೇಶದ ಚೀಟಿ ಕಟ್ಟಿದ ಟೀ ಶರ್ಟು.

"ಅಮ್ಮಾ, ಇದು ಯಾರ ಕೈ ಅಂತ ನೋಡು."

ಬೆಳ್ಳಿಯಮ್ಮ ಅಂಚು ತಿರುವಿದಳು. ಹೊಲಿಗೆಯ ಮೇಲೆ ಹೊಲಿಗೆ, ಎರಡು ಬೆರಳಗಲ. ನಿನ್ನೆ ತಾನೇ ಹೊಲಿದದ್ದು. ಮೊದಲು ಅವಳಿಗೆ ಹೆಮ್ಮೆಯಾಯಿತು, ಎಷ್ಟು ಚೆಂದ ಕಾಣುತ್ತಿದೆ ಎಂದು. ಆಮೇಲೆ ಆ ಹೆಮ್ಮೆಗೇ ಅವಳಿಗೆ ನಾಚಿಕೆಯಾಯಿತು.

"ವೇಸ್ಟು ಅಂದ್ನಲ್ಲ," ಎಂದಳು ನಿವೇತಾ. "ರೂಮ್ ತುಂಬಾ ರಟ್ಟಿನ ಡಬ್ಬಿ ಅಯ್ತೆ ಅಮ್ಮಾ. ಸಂಜೆ ಕಂಟೈನರ್ ಲಾರಿ ಬತ್ತದೆ ಅಂತ ಪ್ಯಾಕಿಂಗ್‌ನೋರು ಅಂದ್ರು. ಹೋದ ವಾರ ಬಂದಿದ್ದೋರೂ ಟ್ರಯಲ್‌ನೋರೇ ಅಂತೆ, ಅದ್ಕೂ ಮುಂಚೆ ಬಂದಿದ್ದೋರೂ ಅಷ್ಟೇ. ಇಲ್ಲಿ ಖಾಯಂ ಅನ್ನೋ ಟೈಲರೇ ಇಲ್ಲ."

ಎದುರಿಗೆ ಕೂತು ಮೊಸರನ್ನ ತಿನ್ನುತ್ತಿದ್ದ ರುಕ್ಮಣಿ, ಅವಳೂ ಟ್ರಯಲ್‌ನವಳೇ, ಕನ್ನಡ ತಿಳಿಯದೆ ಇಬ್ಬರ ಮುಖ ನೋಡಿದಳು. "ಏನಂತೆ ಅಕ್ಕಾ?" ಎಂದು ತಮಿಳಿನಲ್ಲಿ ಕೇಳಿದಳು.

"ಏನೂ ಇಲ್ಲ, ತಿನ್ನು," ಎಂದಳು ಬೆಳ್ಳಿಯಮ್ಮ. ಕೆಲಸದ ಆಸೆ ಇನ್ನೂ ಅರ್ಧ ದಿನದಷ್ಟು ಉಳಿದಿತ್ತು. ಮಗಳು ಅತ್ತ ತಿರುಗಿ ಕೂತಳು.

ಸಂಜೆ ಐದಕ್ಕೆ ಮಿಷನ್‌ಗಳು ನಿಂತವು. ಲೋಗನಾಥನ್ ಚಪ್ಪಾಳೆ ತಟ್ಟಿ ತಮಿಳಿನಲ್ಲಿ ಫಲಿತಾಂಶ ಓದಿದ. "ಎಲ್ಲಾರ್ದೂ ನಂಬರ್ ಬರ್ಕೊಂಡಿದ್ದೀವಿ. ಫೋನ್ ಬತ್ತದೆ. ಈಗ ಎದ್ದು ನಡೀರಿ, ಜಾಗ ಖಾಲಿ ಮಾಡಿ." ಗೇಟಿನಾಚೆ ನಾಳೆಯ ಟ್ರಯಲ್‌ಗೆ ಹೆಸರು ಬರೆಸಲು ಬಂದವರು ಆಗಲೇ ಬೋರ್ಡಿನ ಕೆಳಗೆ ಸಾಲುಗಟ್ಟಿದ್ದರು. ಒಬ್ಬಳ ಸೊಂಟದಲ್ಲಿ ಕೂಸಿತ್ತು.

ಹದಿನೇಳು ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಬೆಳ್ಳಿಯಮ್ಮ ಏಳಲಿಲ್ಲ. ಪ್ಲಾಸ್ಟಿಕ್ ಕವರನ್ನು ಮಿಷನ್ ಮೇಲಿಟ್ಟಳು.

"ಇದೇನು ಸಾಮಿ?"

ಲೋಗನಾಥನ್‌ನ ಮುಖ ಒಂದು ಕ್ಷಣ ಕಪ್ಪಿಟ್ಟಿತು. ನಂತರ ಅವಳ ಕಿವಿಯ ಹತ್ತಿರ ಬಗ್ಗಿದ. ಬಾಯಲ್ಲಿ ಕನ್ನಡ ಬಂತು, ಬೆಲ್ಲ ಹಾಕಿ ಕುದಿಸಿದಂಥ ಕನ್ನಡ. "ಮೆಲ್ಗೆ ಅಕ್ಕಾ, ಮೆಲ್ಗೆ. ನಾಳೆಯಿಂದ ನಿಂಗೆ ಖಾಯಂ. ನಿನ್ ಮಗಳನ್ನೂ ಚೆಕಿಂಗ್ ಕೆಲ್ಸಕ್ಕೆ ಕಂಡಿತಾ ಹಾಕ್ತೀನಿ. ಈ ಕೂಲಿ ಮುಂಡೇರ್ಗೆ ಮಾತ್ರ ಹೇಳಬ್ಯಾಡ. ಇವುಕ್ಕೆ ಏನ್ ತಿಳೀತದೆ, ಫೋನ್ ಬತ್ತದೆ ಅಂದ್ರೆ ವರ್ಷಗಟ್ಲೆ ಫೋನ್ ಹಿಡ್ಕೊಂಡು ಕೂತಿರ್ತವೆ. ನಮ್ ಭಾಷೇಲೇ ಇರ್ಲಿ ಈ ಮಾತು."

ಬೆಳ್ಳಿಯಮ್ಮ ಮಗಳ ಕಡೆ ನೋಡಿದಳು. ನಾಲ್ಕು ತಿಂಗಳಿಂದ ಯಾವ ಮಾತಿಗಾಗಿ ಗೇಟು ಗೇಟು ಸುತ್ತಿದ್ದಳೋ ಆ ಮಾತು ಕಿವಿಯ ಹತ್ತಿರ ಬಂದು ನಿಂತಿತ್ತು. ನಿವೇತಾ ನೂಲು ಕತ್ತರಿಸುವ ಕತ್ತರಿಯನ್ನು ಮೇಜಿನ ಮೇಲಿಟ್ಟು ತಾಯಿಯ ಮುಖವನ್ನೇ ನೋಡುತ್ತಿದ್ದಳು. ಚಪ್ಪಲಿ ಮೆಟ್ಟಿಕೊಂಡ ರುಕ್ಮಣಿ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು.

ಬೆಳ್ಳಿಯಮ್ಮ ಎದ್ದು ನಿಂತಳು. ಲೈನಿನ ಕೊನೆಯವರೆಗೂ ಕೇಳುವಂತೆ, ತಮಿಳಿನಲ್ಲಿ ಶುರುಮಾಡಿದಳು.

"ರುಕ್ಮಣೀ, ಮಧ್ಯಾಹ್ನ ಕೇಳ್ದೆಯಲ್ಲ, ಈಗ ಕೇಳು. ನಾವು ಹೊಲ್ದಿದ್ದು ವೇಸ್ಟಿಗೆ ಹೋಗಿಲ್ಲ. ಡಬ್ಬಿ ತುಂಬಿ ಕಂಟೈನರ್‌ಗೆ ಹೋಗ್ತಾ ಅಯ್ತೆ. ನೀವೆಲ್ಲಾ ಕೂಲಿ ಮುಂಡೇರಂತೆ, ಫೋನ್ ಹಿಡ್ಕೊಂಡು ವರ್ಷಗಟ್ಲೆ ಕೂತಿರ್ತೀರಂತೆ. ನಾನೊಬ್ಳು ಬಾಯಿ ಮುಚ್ಚಿದ್ರೆ ನಂಗೆ ಖಾಯಮಂತೆ. ಸಾರ್ ಇದನ್ನ ನಮ್ ಭಾಷೇಲಿ ಹೇಳಿದ್ರು. ನಿಮ್ಗೆ ತಿಳೀಲಿಲ್ಲ ಅಂತ ನಾನು ಹೇಳ್ದೆ."

ಒಂದೊಂದು ಮಾತನ್ನೂ ನಿಧಾನವಾಗಿ, ಏನೂ ಬಿಡದೆ ಒಪ್ಪಿಸಿದಳು. ಚಪ್ಪಲಿಗಳ ಸದ್ದು ನಿಂತಿತು.

ಆಮೇಲೆ ಎದುರಿನ ರಾಶಿಯಿಂದ ತಾನು ಹೊಲಿದ ಒಂದು ಶರ್ಟು ತೆಗೆದಳು. ಅಂಚಿನ ಒಳಮೈಯಲ್ಲಿ, ಹೊಲಿಗೆ ನಿಂತ ಜಾಗದಲ್ಲಿ ಉಗುರು ಆಡಿಸಿದಳು. ಅಲ್ಲಿ ಯಾವ ನೂಲು ಹಿಡಿದೆಳೆದರೆ ಇಡೀ ಅಂಚು ಬಿಚ್ಚುತ್ತದೆ ಎಂಬುದು ಹೊಲಿದವರಿಗೆ ಮಾತ್ರ ಗೊತ್ತು. ಎಳೆದಳು. ಸರ್ರೆಂದು ಅಂಚು ಪೂರ್ತಿ ಬಿಚ್ಚಿಕೊಂಡು ನೂಲು ಅವಳ ಕೈಗೆ ಬಂತು.

"ಏಯ್! ಬಯ್ಯರ್ ಮಾಲು ಕಣೇ ಅದು, ಬೇವರ್ಸಿ! ಪೊರಂಬೋಕು ನಾಯೇ! ಕಂಟೈನರ್ ಬಂದು ನಿಂತಯ್ತೆ!" ಯಾವ ಭಾಷೆಯಲ್ಲಿ ಬೈಯಬೇಕೆಂದು ತೋಚದೆ ಲೋಗನಾಥನ್ ಎರಡರಲ್ಲೂ ಬೈದ.

"ಬಯ್ಯರ್ ಮಾಲಾ? ವೇಸ್ಟು ಅಂದ್ರಲ್ಲ ಸಾಮಿ," ಎಂದಳು ಬೆಳ್ಳಿಯಮ್ಮ. ಎರಡನೆಯದನ್ನು ಎಳೆದಳು.

ರುಕ್ಮಣಿ ಚಪ್ಪಲಿ ಬಿಟ್ಟು ವಾಪಸು ಬಂದು ತನ್ನ ರಾಶಿಯ ಮುಂದೆ ಕೂತಳು. ಅವಳ ಹಿಂದೆ ಇನ್ನೊಬ್ಬಳು. ಮೂರು ದಿನ ಒಬ್ಬರ ಮುಖ ಒಬ್ಬರು ನೋಡದೆ, ಇವಳಿಗೆ ಸಿಕ್ಕರೆ ನನಗಿಲ್ಲ ಎಂದು ಪೈಪೋಟಿಗೆ ಬಿದ್ದು ಹೊಲಿದಿದ್ದ ಹೆಂಗಸರು ಈಗ ಅಷ್ಟೇ ಪೈಪೋಟಿಯಿಂದ ಬಿಚ್ಚತೊಡಗಿದರು. ಲೋಗನಾಥನ್ ಒಬ್ಬಳ ಕೈಯಿಂದ ಕಿತ್ತುಕೊಳ್ಳುವಷ್ಟರಲ್ಲಿ ಇನ್ನಿಬ್ಬರದು ಮುಗಿದಿರುತ್ತಿತ್ತು. ಗೇಟಿನಾಚೆಯ ಸಾಲು ಕಂಬಿಗೆ ಮುಖ ಒತ್ತಿ ನೋಡುತ್ತಿತ್ತು. ಕಂಟೈನರ್ ಡ್ರೈವರ್ ಹಾರನ್ ಹೊಡೆಯುತ್ತಲೇ ಇದ್ದ.

ನಿವೇತಾ ಒಂದು ಶರ್ಟು ಎತ್ತಿಕೊಂಡು ಹಿಂದೆ ಮುಂದೆ ತಿರುವಿದಳು. "ಅಮ್ಮಾ, ಯಾವ ನೂಲು?"

"ಒಳಗಡೇದು ಕಣವ್ವಾ. ಕೊನೇಲಿ ನಿಂತದಲ್ಲ, ಅದು."

ನಾಲ್ಕು ವರ್ಷದ ಬಿ.ಇ.ಯಲ್ಲಿ ಯಾರೂ ಅವಳಿಗೆ ಇಷ್ಟು ಸಲೀಸಾಗಿ ಒಂದು ಕೆಲಸ ಕಲಿಸಿರಲಿಲ್ಲ. ನಿವೇತಾ ತುದಿ ಹಿಡಿದು ಎಳೆದಳು.