ಸತ್ತ ರಾಜ ಏಳುವ ಹೊತ್ತು

ಸಾಯುವುದರಲ್ಲಿ ಮಡಿವಾಳಪ್ಪ ಮಾಸ್ತರದು ಎತ್ತಿದ ಕೈ. ಬನವಾಸಿ ಕಡೆಯ ಈ ಮನುಷ್ಯ ಮೀಸೆ ಮೂಡುವ ಮೊದಲೇ ನಾಟಕ ಕಂಪನಿ ಸೇರಿ, ಊರೂರು ಸುತ್ತಿ, ರಾಜನ ಪಾರ್ಟಿನಲ್ಲಿ ಎಷ್ಟು ಸಲ ಸತ್ತಿದ್ದರೋ ಅವರಿಗೇ ನೆನಪಿಲ್ಲ. ಯುದ್ಧದಲ್ಲಿ ಗಾಯಗೊಂಡ ರಾಜ ಹಾಡುತ್ತಾ ಪ್ರಾಣ ಬಿಡಬೇಕು. ಜನ ‘ಒನ್ಸ್‌ಮೋರ್’ ಎಂದು ಕೂಗಬೇಕು. ಆಗ ಹೆಣ ಎದ್ದು ಕೈಮುಗಿದು, ಮತ್ತೆ ಹಾಡಿ, ಮತ್ತೆ ಸಾಯಬೇಕು. ಕಂಪನಿ ನಾಟಕದ ಪದ್ಧತಿಯೇ ಹಾಗೆ.

ನಡುವೆ ಮದ್ರಾಸಿಗೆ ಹೋಗಿ ನಾಲ್ಕಾರು ಸಿನಿಮಾದಲ್ಲೂ ಮುಖ ತೋರಿಸಿದರು. ಪೋಸ್ಟರಿನ ಮೂಲೆಯಲ್ಲಿ ಹೆಸರೂ ಬಂತು. ಮನಸ್ಸು ಮಾತ್ರ ನಿಲ್ಲಲಿಲ್ಲ. ಅಲ್ಲಿ ಡೈರೆಕ್ಟರು ‘ಇನ್ನೊಮ್ಮೆ’ ಅಂದರೆ ನೀನು ತಪ್ಪಿದೆ ಎಂದರ್ಥ. ಇಲ್ಲಿ ಜನ ಹಾಗೆ ಕೂಗಿದರೆ ಮಾಸ್ತರಿಗೆ ಅದೇ ಊಟ, ಅದೇ ನಿದ್ದೆ. ಹಾಗಾಗಿ ಮರಳಿ ಬಂದು, ಕಂಪನಿ ಮುಳುಗುವ ತನಕ ರಂಗದ ಮೇಲೇ ಇದ್ದರು.

ತೊಂಬತ್ತೇಳನೆಯ ಇಸವಿಯಲ್ಲಿ ಸಿದ್ದಾಪುರದ ನಾಟಕದ ಹುಚ್ಚಿನವರು ಸನ್ಮಾನ ಇಟ್ಟುಕೊಂಡು, ಆ ಸಾವಿನ ದೃಶ್ಯವನ್ನೊಮ್ಮೆ ಮಾಡಿ ತೋರಿಸಿ ಎಂದು ದುಂಬಾಲು ಬಿದ್ದರು. ಮಗ ಗಿರೀಶ ಬೇಡವೆಂದು ಅಡ್ಡ ಬಂದ. ಅಪ್ಪನ ಹೃದಯ ಎಂದೋ ಸೋತಿತ್ತು. ಒಂದು ಹಾಡಾದರೆ ಹೇಗೋ ನಡೆದೀತು, ಎರಡನೆಯದು ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರು.

‘ಮಂದಿ ಕೂಗಿದ್ರ ಏಳಾಕ ಬೇಕಲ್ಲೋ? ನಾ ಎದ್ದು ಕೈ ಮುಗಿಯೂ ತನಕ ಪರದೆ ಬಿಡಬಾರ್ದು’ ಎಂದು ಅಪ್ಪ ಪಟ್ಟು ಹಿಡಿದರು.

ಗಿರೀಶ ಅಪ್ಪನ ಬೆನ್ನ ಹಿಂದೆ, ಜನ ಕೂಗದಂತೆ ನೋಡಿಕೊಳ್ಳಿ ಎಂದು ಸಂಘಟಕ ದೇವರು ಹೆಗಡೆ ಎಂಬವರ ಕೈ ಹಿಡಿದುಕೊಂಡ. ‘ಅಡ್ಡಿಲ್ಲೆ ಮಾರಾಯ, ಆನು ಮೈಕಲ್ಲಿ ಹೇಳ್ತೆ. ನಮ್ಮ ಜನ ಮಾತು ಮೀರ್ತ್ವಿಲ್ಲೆ’ ಎಂದರು ಹೆಗಡೆಯವರು. ಮಾಸ್ತರು ಮೈಕು ಕೇಳದಷ್ಟು ದೂರದ ಕೋಣೆಯಲ್ಲಿ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಾಗ ಹೆಗಡೆಯವರು ಹೇಳಿಯೂ ಬಿಟ್ಟರು: ಹಿರಿಯರ ಆರೋಗ್ಯ ಸರಿ ಇಲ್ಲ, ದಯವಿಟ್ಟು ಯಾರೂ ಒನ್ಸ್‌ಮೋರ್ ಕೂಗಬಾರದು.

ಜನ ಮಾತು ಮೀರಲಿಲ್ಲ. ಮಾಸ್ತರು ಹಾಡಿದರು. ಕೊನೆಯ ಸಾಲಿನಲ್ಲಿ ದನಿ ಒಡೆಯಿತು, ಆದರೂ ಬಿಡದೆ ಎಳೆದು ಮುಗಿಸಿ ನೆಲಕ್ಕೊರಗಿದರು. ಚಪ್ಪಾಳೆ ಬಿತ್ತು. ಚಪ್ಪಾಳೆಗೇನು, ಹಾರ ಹಾಕಿಸಿಕೊಂಡ ಮಂತ್ರಿಗೂ ಬೀಳುತ್ತದೆ. ಅದೂ ನಿಂತಿತು. ಆಮೇಲೆ ಒಂದು ಕೆಮ್ಮೂ ಇಲ್ಲ.

ಪರದೆಯ ಪಕ್ಕ ನಿಂತಿದ್ದ ಗಿರೀಶ ನೋಡುತ್ತಲೇ ಇದ್ದ. ಸತ್ತ ರಾಜ ಕಾಯುತ್ತಿದ್ದ. ಹಾರ್ಮೋನಿಯಂನವನು ಬೆರಳು ಎತ್ತಿಕೊಂಡು ಕೂತಿದ್ದ. ಅಪ್ಪನ ಎದೆ ಏರಿಳಿಯುತ್ತಿತ್ತು. ಕಣ್ಣ ರೆಪ್ಪೆ ಒಂದಿಷ್ಟು ತೆರೆದು, ಸಭೆಯ ಕತ್ತಲನ್ನು ನೋಡಿ, ಮುಚ್ಚಿಕೊಂಡಿತು. ಮುಚ್ಚಿದ ಕಣ್ಣಿಂದ ನೀರು ಇಳಿದು ಬಣ್ಣ ಕಲಸಿತು.

ಗಿರೀಶನಿಗೆ ಗೊತ್ತಿತ್ತು: ಈ ಮೌನ ತಾನು ಬೇಡಿ ತಂದದ್ದು. ನನ್ನ ಹಾಡು ಸೋತಿತು ಎಂದುಕೊಂಡೇ ಅಪ್ಪ ಉಳಿದ ದಿನ ಕಳೆಯುತ್ತಾರೆ. ನಿಜ ಹೇಳಿದರೂ ನಂಬುವ ಜೀವವಲ್ಲ. ಕೂಗಿದರೆ ಅಪ್ಪ ಏಳುತ್ತಾರೆ; ಎದ್ದರೆ ಎದೆ ತಡೆಯುತ್ತದೋ ಇಲ್ಲವೋ. ‘ಪರದೆ ಬಿಡ್ಲ್ಯಾ?’ ಎಂದು ಹಗ್ಗ ಹಿಡಿದವನು ಪಿಸುಗುಟ್ಟಿದ.

‘ತಡಿಯೋ!’ ಎಂದವನೇ ಗಿರೀಶ ಪಕ್ಕದ ಮೆಟ್ಟಿಲಿಳಿದು, ಗೋಡೆ ಹಿಡಿದು ಸಭೆಯ ಹಿಂಬದಿಗೆ ಓಡಿದ. ದನಿ ಬದಲಿಸಿ, ಗಂಟಲು ಹರಿಯುವಂತೆ ಕೂಗಿದ: ‘ಒನ್ಸ್‌ಮೋರ್!’

‘ನಿಂಗೆ ತಲೆ ಸಮ ಇದ್ದ?’ ಎಂದು ಹೆಗಡೆಯವರು ಬಂದು ತೋಳು ಹಿಡಿದರು. ಅಷ್ಟರಲ್ಲಿ ಇನ್ನೊಬ್ಬ ಕೂಗಿದ, ಮತ್ತೊಬ್ಬ ಕೂಗಿದ, ಆಮೇಲೆ ಇಡೀ ಸಭೆ ಎದ್ದು ನಿಂತು ಕೂಗಿತು.

ಮಾಸ್ತರು ಅಂಗೈ ಊರಿ ಎದ್ದರು. ಕೈ ಮುಗಿದರು. ‘ಮರ್ತ್ರೇನೋ ಅಂತ ಮಾಡಿದ್ದೆ’ ಎಂದು ನಕ್ಕರು. ಹಾರ್ಮೋನಿಯಂನವನ ಕಡೆ ತಿರುಗಿ, ‘ಸುರ ಒಂದು ಮನಿ ಏರಿಸ್ರಿ, ಇನ್ನೂ ಎತ್ತರಕ್ಕ ಹಾಡ್ತೀನಿ’ ಎಂದರು.

ಗಿರೀಶ ಹೆಗಡೆಯವರ ಕೈ ಕೊಸರಿಕೊಂಡ. ಬೇಡ ಅಪ್ಪಾ ಎನ್ನಲು ಬಾಯಿ ತೆರೆದ. ಅಪ್ಪ ಆಗಲೇ ಹಾಡು ಎತ್ತಿಕೊಂಡಾಗಿತ್ತು.