ಹಿಡಿ ಅಕ್ಕಿಯ ಸಾಕ್ಷಿ

ನಾನು ಮೂಟೆಗೆ ಚುಚ್ಚಿ ಹಿಡಿ ಅಕ್ಕಿ ಹೊರತೆಗೆಯುವ ಕಬ್ಬಿಣದ ಕೊಳವೆ. ತುದಿ ಚೂಪು, ಹೊಟ್ಟೆ ಸೀಳು. ಚುಚ್ಚುವುದೇ ಕಸುಬಾದರೂ ಯಾರಿಗೂ ಚುಚ್ಚುಮಾತು ಆಡಿದವನಲ್ಲ. ತಿಪಟೂರಿನ ಕುಲುಮೆಯೊಂದರಲ್ಲಿ ಹುಟ್ಟಿದೆ. ಬಡಿದವನು ನನ್ನನ್ನು ಬೆಳಕಿಗೆ ಹಿಡಿದು, "ಇವನ ಹೊಟ್ಟೆಗೆ ಒಂದು ಹಿಡಿ ಸಾಕು" ಎಂದ. ಆ ಮಾತು ಜನ್ಮಕ್ಕೆ ಅಂಟಿಕೊಂಡಿತು.

ಮೊದಲು ಅಕ್ಕಿ ಮಂಡಿಯಲ್ಲಿ ದುಡಿದೆ. ಸಾಹುಕಾರ ಕೊಳ್ಳುವಾಗ ಮೂಲೆಯಲ್ಲಿ ನೆನೆದ ಮೂಟೆಯನ್ನೇ ಹುಡುಕಿ ಚುಚ್ಚುತ್ತಿದ್ದ, ಮಾರುವಾಗ ಒಣಗಿದ್ದನ್ನು. ಅದೇ ರಾಶಿ ಬೆಳಿಗ್ಗೆ ಕಸ, ಸಂಜೆ ಚಿನ್ನ. ಎರಡಕ್ಕೂ ನಾನೇ ಸಾಕ್ಷಿ. ನನ್ನ ಸುಸ್ತು ಶುರುವಾದದ್ದು ಅಲ್ಲಿಂದ.

ಮಂಡಿ ಮುಚ್ಚಿದ ಮೇಲೆ ಒಂದು ಕಾಲೇಜಿನ ಹಾಸ್ಟೆಲಿಗೆ ಬಂದೆ. ವಾರ್ಡನ್ ಆರಾಧ್ಯರು ಮೂಗಿನಲ್ಲೇ ಆಡಳಿತ ನಡೆಸುವವರು. "ಹ್ಞೂಂ... ಎಲ್ಲಿ ಚುಚ್ಚೋಣ್ರೀ?" ಎಂದು ಕೇಳುತ್ತಿದ್ದದ್ದು ಯಾರನ್ನು? ಅಕ್ಕಿ ತಂದ ಕಂಟ್ರಾಕ್ಟರ್ ಮರಿಸ್ವಾಮಿಯನ್ನೇ!

"ಇಲ್ಲೇ ಸಾರ್, ಮುಂದಿನ ಸಾಲಲ್ಲಿ. ಹಿಂದೆ ಹೋದ್ರೆ ಬಟ್ಟೆ ಧೂಳಾಗುತ್ತೆ."

ಮುಂದಿನ ಸಾಲಿನ ಅಕ್ಕಿ ಮಲ್ಲಿಗೆಯಷ್ಟು ಬಿಳುಪು. ನಾನು ಹೊಟ್ಟೆ ತುಂಬ ಮಲ್ಲಿಗೆ ತಂದು ತೋರಿಸುತ್ತಿದ್ದೆ. ಹಿಂದಿನ ಸಾಲಿನ ಮುಖವನ್ನು ಯಾರೂ ನನಗೆ ತೋರಿಸಲಿಲ್ಲ.

ಅಡುಗೆಯ ಸಾಕಮ್ಮನಿಗೆ ಮಾತ್ರ ಆ ಮುಖ ಗೊತ್ತಿತ್ತು. ಮೊರ ಹಿಡಿದು ಅಂಗಳದಲ್ಲಿ ಕೂತರೆ ಏಳುವಷ್ಟರಲ್ಲಿ ಪಕ್ಕದಲ್ಲಿ ಕಲ್ಲಿನ ಗುಡ್ಡೆ. ಆದರೂ ಒಂದು ದಿನ ಹುಡುಗನೊಬ್ಬ ಕಲ್ಲು ಕಡಿದು ಹಲ್ಲು ಮುರಿದುಕೊಂಡ. ಆರಾಧ್ಯರು ನನ್ನನ್ನು ಕೋಲಿನಂತೆ ಆಡಿಸುತ್ತ ಬಂದರು. "ಹ್ಞೂಂ... ಅಕ್ಕಿ ಶುದ್ಧ ಕಣಮ್ಮ, ನಾನೇ ಚುಚ್ಚಿ ನೋಡಿದೀನಿ. ಕಲ್ಲು ನಿನ್ನ ಅಂಗಳದ್ದು. ಮುಂದಿನ ತಿಂಗಳಿಂದ... ಸಾಕಮ್ಮಾ."

ಕರೆದರೋ ಕಳಿಸಿದರೋ ಎಂದು ಆಕೆಗೆ ಒಂದು ಕ್ಷಣ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಮೊರವನ್ನು ಗೋಡೆಗೆ ಒರಗಿಸಿ ಸೆರಗಿಗೆ ಕೈ ಒರೆಸಿಕೊಂಡಳು. "ಕೆಲಸ ಹೋದ್ರೆ ಹೋಗ್ಲಿ ಬುದ್ಧಿ. ಕಲ್ಲು ಬೆರೆಸ್ದೋಳು ಅನ್ನಿಸ್ಕೊಂಡು ಹೋಗಲ್ಲ."

ಮೆಸ್ ಕಮಿಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಹೇಳುವ ತಬಸ್ಸುಮ್ ಮೇಡಂ ಇದ್ದರು. ಸಾಕಮ್ಮನ ಮಾತು ಅವರ ಕಿವಿಗೂ ಬಿತ್ತು. ಹೊಸ ಲೋಡು ಬಂದ ದಿನ ನೂರು ಮೂಟೆಗೂ ಸೀಮೆಸುಣ್ಣದಲ್ಲಿ ನಂಬರು ಬರೆಸಿದರು. ನೂರು ಚೀಟಿ ಮಡಿಸಿ ಕೊಡದೊಳಗೆ ಹಾಕಿ ಕಲಕಿದರು.

"ಮರಿಸ್ವಾಮಿಯವರೇ, ಎಷ್ಟು ಮೂಟೇಲಿ ಕಲ್ಲಿರಬಹುದು?"

"ಹೆಚ್ಚಂದ್ರೆ ಐದು ಮೇಡಂ. ದೇವರಾಣೆ."

"ನಿಮ್ಮ ಮಾತೇ ನಿಜ ಅಂತ ಇಟ್ಕೊಳ್ಳೋಣ. ಹತ್ತು ಚೀಟಿ ಎತ್ತೋಣ. ಮೂಟೆ ಐದೇ ಆದ್ರೆ, ಈ ಹತ್ತರಲ್ಲಿ ಮೂರು ಕಲ್ಲಿನವು ಸಿಗೋದು ನೂರು ಸಲಕ್ಕೆ ಒಂದ್ಸಲ ಆದ್ರೆ ಹೆಚ್ಚು. ಮೂರೋ ಅದಕ್ಕಿಂತ ಹೆಚ್ಚೋ ಬಂದ್ರೆ ಲೋಡು ವಾಪಸ್. ಈಗಲೇ ಒಪ್ಕೊಳ್ಳಿ, ಆಮೇಲೆ ಗೆರೆ ಜರುಗಿಸಬಾರದು."

ಒಪ್ಪಿದ. ಅಂದು ಮೊದಲ ಬಾರಿಗೆ ನಾನು ಹಿಂದಿನ ಸಾಲಿಗೆ ನುಗ್ಗಿದೆ. ಕರ್ರ್ ಎಂದಿತು. ಅಕ್ಕಿ ಹಾಗೆ ಸದ್ದು ಮಾಡುವುದಿಲ್ಲ. ಹತ್ತು ಮುಗಿದಾಗ ಬಿಳಿ ಬಟ್ಟೆಯ ಮೇಲೆ ನಾಲ್ಕು ಮೂಟೆಯ ಕಲ್ಲು ಕೂತಿತ್ತು.

"ಇನ್ನೊಂದ್ಸಲ ಎತ್ತಿ ಮೇಡಂ!"

"ಬೇಕಾದ್ದು ಬರೋತನಕ ಎತ್ತೋದಾದ್ರೆ ಚೀಟಿ ಯಾಕೆ?"

"ಬರೀ ಹತ್ತು ಚುಚ್ಚಿ ನೂರರ ಹಣೆಬರಹ ಹೇಳ್ತೀರಾ?"

"ನೀವು ಇಷ್ಟು ವರ್ಷ ಒಂದೇ ಸಾಲು ಚುಚ್ಚಿಸಿ ಹೇಳಿಸಿದ್ರಲ್ಲ."

"ಇದೇ ಆ ನೂರರಲ್ಲಿ ಒಂದ್ಸಲ ಆಗಿದ್ರೆ?"

ಮೇಡಂ ಆ ನಾಲ್ಕು ಚೀಟಿಗಳನ್ನು ಕಲ್ಲಿನ ಪಕ್ಕ ಸಾಲಾಗಿ ಇಟ್ಟರು. "ಆಗಿರಬಹುದು. ನಂಬೋಕೆ ಕಷ್ಟ, ಅಷ್ಟೆ."

ಆರಾಧ್ಯರ ಮೂಗು ಇಳಿದಿತ್ತು. "ಹ್ಞೂಂ... ಹಾಗಾದ್ರೆ ಸಾಕಮ್ಮಂದು ತಪ್ಪಿಲ್ವಾ?"

"ಅಕ್ಕಿ ಶುದ್ಧ ಅನ್ನೋ ಮಾತು ಬಿದ್ದೋಯ್ತು ಸಾರ್. ಅದರ ಮೇಲೆ ತಾನೆ ಅವರನ್ನ ಕಳಿಸ್ತಿದ್ದದ್ದು?"

ಲೋಡು ತಿರುಗಿ ಹೋಯಿತು. ಸಾಕಮ್ಮ ಒರಗಿಸಿದ್ದ ಮೊರ ಎತ್ತಿಕೊಂಡಳು.

ಈಗ ನನ್ನ ತುದಿ ಮೊಂಡು. ಚುಚ್ಚಲು ಹೊಸ ಸ್ಟೀಲಿನವನು ಬಂದಿದ್ದಾನೆ, ಚೀಟಿಯ ಪದ್ಧತಿ ಉಳಿದಿದೆ. ನಾನು ಅಡುಗೆಮನೆಯ ಮೊಳೆಗೆ ನೇತುಬಿದ್ದಿದ್ದೇನೆ, ಮೈಮೇಲೆ ಟೀ ಸೋಸುವ ಬಟ್ಟೆ. ಹೊಸ ಹುಡುಗರು ಸೋಮವಾರದ ಉಪ್ಪಿಟ್ಟು ಒಂದು ತುತ್ತು ತಿಂದು "ಈ ಹಾಸ್ಟೆಲೇ ಸರಿಯಿಲ್ಲ" ಎನ್ನುತ್ತಾರೆ. ಅವರು ಚುಚ್ಚಿ ನೋಡಿದ್ದೂ ಮುಂದಿನ ಸಾಲೊಂದನ್ನೇ. ಹೇಳಲು ನನಗೆ ಶಕ್ತಿಯಿಲ್ಲ.

ಅಕ್ಕಿ ಈಗ ಒಳ್ಳೆಯದೇ. ಆದರೂ ಸಾಕಮ್ಮ ಆರಿಸುವುದನ್ನು ಬಿಟ್ಟಿಲ್ಲ. ಅಪರೂಪಕ್ಕೆ ಒಂದು ಕಲ್ಲು ಸಿಕ್ಕರೆ ನನ್ನತ್ತ ಎತ್ತಿ ಹಿಡಿಯುತ್ತಾಳೆ.

"ನೋಡಪ್ಪಾ, ಇವನು ನಿಮ್ಮ ಚೀಟೀಲಿ ಬರಲೇ ಇಲ್ಲ."

ಬರಲಿಲ್ಲ ತಾಯಿ. ನನ್ನ ಹೊಟ್ಟೆ ಹಿಡಿಸುವುದು ಒಂದು ಹಿಡಿ. ಉಳಿದದ್ದು ನಿನ್ನ ಮೊರಕ್ಕೆ.